ಸುಣ್ಣದ ನೆಲದಲ್ಲಿ ಸುಣ್ಣದ ಹಸಿವು
ಹಿತ್ತಲ ಟೊಮೇಟೊ ಕಲಿಸುವ ವಿಜ್ಞಾನದ ಚರಿತ್ರೆ

ಬಾದಾಮಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕನಾಗಿರುವ ನನ್ನ ಬಳಿಗೆ ಒಂದು ಬೇಸಿಗೆಯ ಬೆಳಿಗ್ಗೆ ನೆರೆಮನೆಯ ಅಜ್ಜಿ ಸೆರಗಿನಲ್ಲಿ ಏಳೆಂಟು ಟೊಮೇಟೊ ಕಾಯಿಗಳನ್ನು ಕಟ್ಟಿಕೊಂಡು ಬಂದರು. ‘ಮಾಸ್ತರ, ಇವನ್ನ ಸ್ವಲ್ಪ ನೋಡ್ರಿ. ಮ್ಯಾಲ ನೋಡಿದ್ರ ಚೊಲೋ ಅದಾವು, ತಳ ನೋಡಿದ್ರ ಕರ್ರಗ ಕೊಳ್ತಾವು. ಸುಣ್ಣದ ತಿಳಿನೂ ಹಾಕೇನಿ, ಏನೂ ಉಪಯೋಗ ಆಗಿಲ್ರಿ’ ಎಂದರು. ಕಾಯಿಯ ತೊಟ್ಟಿನ ಕಡೆ ಹಸಿರಾಗಿ, ಆರೋಗ್ಯವಾಗಿಯೇ ಇತ್ತು. ಹೂವಿದ್ದ ತುದಿಯಲ್ಲಿ ಮಾತ್ರ ರೂಪಾಯಿ ನಾಣ್ಯದಷ್ಟು ಅಗಲದ, ಒಳಕ್ಕೆ ಕುಸಿದ, ತೊಗಲಿನಂತಹ ಕಪ್ಪು ಕಲೆ.

ಆ ವರ್ಷ ನನ್ನ ಹಿತ್ತಲಿನ ಗಿಡಗಳಲ್ಲಿಯೂ ಅದೇ ಕಲೆ ಕಾಣಿಸಿಕೊಂಡಿತ್ತು. ನಾನು ಅದನ್ನು ಶಿಲೀಂಧ್ರ ರೋಗವೆಂದು ತಿಳಿದು ಅಂಗಡಿಯಿಂದ ಔಷಧ ತಂದು ಸಿಂಪಡಿಸಿದ್ದೆ. ಜೊತೆಗಿರಲೆಂದು ಒಂದು ಕೀಟನಾಶಕವನ್ನೂ ಬೆರೆಸಿದ್ದೆ. ಕಲೆ ನಿಲ್ಲಲಿಲ್ಲ. ಹೂವಿಗೆ ಬರುತ್ತಿದ್ದ ದುಂಬಿಗಳು ಮಾತ್ರ ಬರುವುದನ್ನು ನಿಲ್ಲಿಸಿದವು. ಮನೆಮಂದಿ ತಿನ್ನುವ ಕಾಯಿಗೆ ವಿಷವನ್ನೂ ಹಾಕಿದಂತಾಯಿತು, ಗಿಡಕ್ಕೆ ಉಪಕಾರವೂ ಆಗಲಿಲ್ಲ. ತಪ್ಪು ಎಲ್ಲಿ? ರೋಗವೆಂದರೆ ರೋಗಾಣು ಇರಲೇಬೇಕು ಎಂಬ ನನ್ನ ಊಹೆಯಲ್ಲಿ. ವಿಜ್ಞಾನಿಗಳೂ ಇದೇ ತಪ್ಪನ್ನು ಹಲವು ದಶಕಗಳ ಕಾಲ ಮಾಡಿದ್ದರು ಎಂಬುದು ಆಮೇಲೆ ಓದಿ ತಿಳಿಯಿತು. ಹಿತ್ತಲ ಟೊಮೇಟೊದ ಸಾಮಾನ್ಯ ತೊಂದರೆಗಳ ಹಿಂದೆ ಹೀಗೆ ಒಂದೊಂದು ಚರಿತ್ರೆಯಿದೆ. ಅದನ್ನು ಅರಿತರೆ ಪರಿಹಾರ ಸುಲಭವಾಗುತ್ತದೆ.

ಚಾಲುಕ್ಯರ ಅಡುಗೆಮನೆಯಲ್ಲಿ ಇರದ ಹಣ್ಣು

ಬಾದಾಮಿಯ ಬೆಟ್ಟದ ಮೇಲೆ ಒಂದನೆಯ ಪುಲಕೇಶಿಯು ಕೋಟೆ ಕಟ್ಟಿಸಿದ ಸಂಗತಿಯನ್ನು ಕ್ರಿ.ಶ. 543ರ ಬಂಡೆ ಶಾಸನ ಹೇಳುತ್ತದೆ. ಮೂರನೆಯ ಗುಹಾಲಯದ ಶಾಸನ 578ರದು. ಆ ಗುಹೆಗಳನ್ನು ಕಡೆದ ಶಿಲ್ಪಿಗಳು ಊಟದಲ್ಲಿ ಟೊಮೇಟೊವನ್ನು ಕಂಡಿರಲು ಸಾಧ್ಯವಿಲ್ಲ. ಮೆಣಸಿನಕಾಯಿಯನ್ನೂ ಆಲೂಗಡ್ಡೆಯನ್ನೂ ಕಂಡಿರಲಾರರು. ಏಕೆಂದರೆ ಇವೆಲ್ಲ ಅಮೆರಿಕ ಖಂಡಗಳ ಸಸ್ಯಗಳು. ಟೊಮೇಟೊದ ಕಾಡು ಬಂಧುಗಳು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಪಶ್ಚಿಮ ಭಾಗದಲ್ಲಿ ಈಗಲೂ ಬೆಳೆಯುತ್ತವೆ. ದೊಡ್ಡ ಹಣ್ಣಿನ ಬೆಳೆಯಾಗಿ ಅದು ರೂಪುಗೊಂಡದ್ದು ಮೆಕ್ಸಿಕೊದಲ್ಲಿ. ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದವರು ಅದನ್ನು ಯೂರೋಪಿಗೆ ಒಯ್ದರು. ಭಾರತಕ್ಕೆ ತಂದವರು ಪೋರ್ಚುಗೀಸರು ಎಂಬುದು ಸಾಮಾನ್ಯ ಅಭಿಪ್ರಾಯ.

ಇಟಲಿಯ ವೈದ್ಯ ಮತ್ತು ಸಸ್ಯತಜ್ಞ ಮತ್ತಿಯೋಲಿ 1544ರಲ್ಲಿ ಈ ಹಣ್ಣನ್ನು ಮೊದಲ ಬಾರಿಗೆ ವರ್ಣಿಸಿದಾಗ ಅದನ್ನು ಬದನೆಯ ಒಂದು ಬಗೆಯೆಂದು ಭಾವಿಸಿದ. ನಮ್ಮವರೂ ಇದನ್ನು ‘ಚಪ್ಪರಬದನೆ’ ಎಂದು ಕರೆದರು. ಇಬ್ಬರ ಕಣ್ಣೂ ಒಂದೇ ಸತ್ಯವನ್ನು ಕಂಡಿತ್ತು. 1753ರಲ್ಲಿ ಲಿನೇಯಸ್ ಟೊಮೇಟೊವನ್ನು ಬದನೆಯ ಕುಲವಾದ ‘ಸೊಲಾನಮ್’ನಲ್ಲಿಯೇ ಇರಿಸಿದ. ಮರುವರ್ಷವೇ ಫಿಲಿಪ್ ಮಿಲ್ಲರ್ ಅದನ್ನು ‘ಲೈಕೊಪರ್ಸಿಕಾನ್’ ಎಂಬ ಬೇರೆ ಕುಲಕ್ಕೆ ಸೇರಿಸಿದ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಡಿಎನ್‌ಎ ಪರೀಕ್ಷೆಗಳು ಲಿನೇಯಸ್‌ನ ಪರವಾಗಿ ತೀರ್ಪು ಕೊಟ್ಟವು. ಟೊಮೇಟೊ ಈಗ ಮತ್ತೆ ‘ಸೊಲಾನಮ್ ಲೈಕೊಪರ್ಸಿಕಮ್’ ಆಗಿದೆ. 2012ರಲ್ಲಿ ಪ್ರಕಟವಾದ ಅದರ ಸಂಪೂರ್ಣ ಜೀನೋಮ್ ನಕ್ಷೆಯ ಕೆಲಸದಲ್ಲಿ ಭಾರತದ ವಿಜ್ಞಾನಿಗಳೂ ಭಾಗಿಗಳಾಗಿದ್ದರು.

ಈ ಬಂಧುತ್ವ ಹಿತ್ತಲಿಗೂ ಸಂಬಂಧಿಸಿದೆ. ಮುಳಗಾಯಿ, ಮೆಣಸಿನಕಾಯಿ, ಟೊಮೇಟೊ ಮೂರಕ್ಕೂ ಹಲವು ರೋಗಗಳು ಸಮಾನ. ಆದ್ದರಿಂದ ಒಂದು ಮಡಿಯಲ್ಲಿ ಇವನ್ನೇ ಒಂದರ ನಂತರ ಒಂದು ಬೆಳೆಯಬಾರದು.

ಕಪ್ಪು ತಳ: ರೋಗಾಣು ಇಲ್ಲದ ರೋಗ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ ಪಾಶ್ಚರ್ ಮತ್ತು ಕಾಕ್ ಅವರ ಕಾಲ. ಒಂದೊಂದು ರೋಗಕ್ಕೂ ಒಂದೊಂದು ಸೂಕ್ಷ್ಮಜೀವಿಯನ್ನು ಪತ್ತೆಹಚ್ಚುವ ಉತ್ಸಾಹ ಎಲ್ಲೆಡೆ ಹಬ್ಬಿತ್ತು. ಟೊಮೇಟೊದ ಕಪ್ಪು ತಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಸಿಕ್ಕೇ ಸಿಕ್ಕವು. ಕೆಲವರು ಶಿಲೀಂಧ್ರವನ್ನು ದೂರಿದರು, ಕೆಲವರು ಬ್ಯಾಕ್ಟೀರಿಯವನ್ನು ದೂರಿದರು. ಆದರೆ ಕಾಕ್ ಅವರ ನಿಯಮದಂತೆ ಆ ಜೀವಿಯನ್ನು ಆರೋಗ್ಯವಂತ ಕಾಯಿಗೆ ಸೇರಿಸಿದಾಗ ಅದೇ ರೋಗ ಮರಳಿ ಬರಬೇಕಲ್ಲವೆ? ಅದು ನಂಬುವಂತೆ ಸಿದ್ಧವಾಗಲಿಲ್ಲ. ಸತ್ತ ಅಂಗಾಂಶದ ಮೇಲೆ ಆಮೇಲೆ ಬಂದು ನೆಲೆಸಿದ ಜೀವಿಗಳನ್ನೇ ಅಪರಾಧಿಗಳೆಂದು ಹಿಡಿದಂತಾಗಿತ್ತು.

1914ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರೂಕ್ಸ್ ಈ ರೋಗದ ಬಗ್ಗೆ ವಿಸ್ತಾರವಾದ ಅಧ್ಯಯನವೊಂದನ್ನು ಪ್ರಕಟಿಸಿದರು. ಗಿಡಕ್ಕೆ ಸಿಗುವ ನೀರಿನಲ್ಲಿ ಆಗುವ ಏರುಪೇರಿಗೂ ಕಪ್ಪು ತಳಕ್ಕೂ ನಂಟಿದೆ ಎಂಬುದು ಅವರ ಕೆಲಸದಿಂದ ಗಟ್ಟಿಯಾಯಿತು. ಮುಂದಿನ ಹಂತಕ್ಕೆ ಮೂವತ್ತು ವರ್ಷ ಬೇಕಾಯಿತು. ಮಣ್ಣನ್ನೇ ಬಿಟ್ಟು, ಲವಣಗಳನ್ನು ತೂಗಿ ಬೆರೆಸಿದ ದ್ರಾವಣದಲ್ಲಿ ಗಿಡ ಬೆಳೆಸುವ ವಿಧಾನ ಅಷ್ಟರಲ್ಲಿ ಬಳಕೆಗೆ ಬಂದಿತ್ತು. ಯಾವ ಲವಣ ಕಡಿಮೆಯಾದರೆ ಏನಾಗುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಬಹುದಾಗಿತ್ತು. 1940ರ ದಶಕದ ಮೊದಲ ಭಾಗದಲ್ಲಿ ಇಂತಹ ಪ್ರಯೋಗಗಳಿಂದ ಕ್ಯಾಲ್ಸಿಯಮ್‌ನ ಪಾತ್ರ ಬೆಳಕಿಗೆ ಬಂತು. 1944ರಲ್ಲಿ ಪ್ರಕಟವಾದ ರಾಲೆ ಮತ್ತು ಚುಕಾ ಅವರ ಲೇಖನ ಇವುಗಳಲ್ಲಿ ಮುಖ್ಯವಾದದ್ದು. ಕಾಯಿಯ ತುದಿಗೆ ಕ್ಯಾಲ್ಸಿಯಮ್ ಸಾಲದಾದಾಗ ಅಲ್ಲಿನ ಜೀವಕೋಶಗಳ ಪೊರೆ ಸಡಿಲವಾಗಿ ಒಳಗಿನ ರಸ ಸೋರುತ್ತದೆ, ಕೋಶಗಳು ಸಾಯುತ್ತವೆ. ಕಪ್ಪು ಕಲೆ ಎಂದರೆ ಇದೇ.

ಸುಣ್ಣ ಇದ್ದೂ ಇಲ್ಲದಂತೆ

ಇಲ್ಲಿಗೆ ಒಗಟು ಬಿಡಿಸಿದಂತಾಯಿತೆ? ನಮ್ಮ ಸೀಮೆಯವರಿಗೆ ಇಲ್ಲಿಂದಲೇ ಒಗಟು ಶುರುವಾಗುತ್ತದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಶಿಲೆಗಳನ್ನು ಸಮೀಕ್ಷೆ ಮಾಡಿ 1876ರಲ್ಲಿ ವರದಿ ಪ್ರಕಟಿಸಿದರು. ನಮ್ಮ ಕಲಾದಗಿ ಊರಿನ ಹೆಸರಿನಿಂದಲೇ ಇಲ್ಲಿನ ಶಿಲಾಸ್ತರಗಳಿಗೆ ‘ಕಲಾದಗಿ ಶ್ರೇಣಿ’ ಎಂಬ ಹೆಸರು ಬಂತು. ಬಾದಾಮಿಯ ಕೆಂಪು ಮರಳುಗಲ್ಲು ಪ್ರಸಿದ್ಧ. ಬಾಗಲಕೋಟೆಯ ಕಡೆಗೆ ಹೋದರೆ ಸುಣ್ಣಕಲ್ಲಿನ ದಪ್ಪ ಸ್ತರಗಳಿವೆ. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಈ ಕಲ್ಲಿಗಾಗಿಯೇ. ಎರೆ ಹೊಲವನ್ನು ಅಗೆದರೆ ಬಿಳಿಯ ಸುಣ್ಣದ ಗಂಟುಗಳು ಸಿಗುತ್ತವೆ. ಇಂತಹ ಮಣ್ಣಿನ ಪಿಹೆಚ್ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಇರುತ್ತದೆ. ಸುಣ್ಣದ ಮೇಲೆಯೇ ನಿಂತ ಗಿಡಕ್ಕೆ ಸುಣ್ಣದ ಕೊರತೆ ಹೇಗೆ?

ಉತ್ತರ ಮಣ್ಣಿನಲ್ಲಿಲ್ಲ, ಗಿಡದೊಳಗಿನ ಸಾಗಾಣಿಕೆಯಲ್ಲಿದೆ. ಗಿಡದಲ್ಲಿ ಎರಡು ಬಗೆಯ ಕೊಳವೆಗಳಿವೆ. ಬೇರಿನಿಂದ ನೀರನ್ನೂ ಲವಣಗಳನ್ನೂ ಮೇಲೆ ಒಯ್ಯುವುದು ಕ್ಸೈಲಮ್. ಎಲೆಯಲ್ಲಿ ತಯಾರಾದ ಆಹಾರವನ್ನು ಇತರ ಭಾಗಗಳಿಗೆ ಒಯ್ಯುವುದು ಫ್ಲೋಯಮ್. ಪೊಟ್ಯಾಸಿಯಮ್‌ನಂತಹ ಲವಣಗಳು ಎರಡರಲ್ಲಿಯೂ ಓಡಾಡುತ್ತವೆ. ಕ್ಯಾಲ್ಸಿಯಮ್ ಹಾಗಲ್ಲ. ಅದು ಬಹುಮಟ್ಟಿಗೆ ಕ್ಸೈಲಮ್‌ನ ನೀರಿನ ಜೊತೆಗೇ ಹೋಗುತ್ತದೆ. ನೀರು ಎತ್ತ ಹೆಚ್ಚು ಹರಿಯುತ್ತದೋ ಕ್ಯಾಲ್ಸಿಯಮ್ ಅತ್ತಲೇ. ಒಮ್ಮೆ ಎಲೆಯನ್ನು ಸೇರಿದರೆ ಅಲ್ಲಿಂದ ಕಾಯಿಗೆ ಮರಳಿ ಬರುವುದಿಲ್ಲ.

ನೀರನ್ನು ಎಳೆಯುವ ಶಕ್ತಿ ಬಾಷ್ಪವಿಸರ್ಜನೆ. ಎಲೆಯಲ್ಲಿ ಅಸಂಖ್ಯಾತ ಪತ್ರರಂಧ್ರಗಳಿವೆ. ಟೊಮೇಟೊ ಕಾಯಿಯ ನುಣುಪಾದ ಸಿಪ್ಪೆಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲು ಏರಿ ಒಣಗಾಳಿ ಬೀಸಿದಾಗ ಎಲೆಗಳು ನೀರನ್ನೆಲ್ಲ ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಕಾಯಿಗೆ ಬರುವ ಪಾಲು ತೀರ ಸಣ್ಣದಾಗುತ್ತದೆ. ಅದರಲ್ಲಿಯೂ ತೊಟ್ಟಿನಿಂದ ಅತಿ ದೂರದ ತುದಿಗೆ, ಅಂದರೆ ಕಾಯಿಯ ತಳಕ್ಕೆ, ಎಲ್ಲಕ್ಕಿಂತ ಕಡಿಮೆ. ಕಾಯಿ ಕಟ್ಟಿದ ಮೊದಲ ಎರಡು ಮೂರು ವಾರ ಅದು ಬೇಗ ಬೇಗ ಉಬ್ಬುತ್ತದೆ. ಆ ದಿನಗಳಲ್ಲಿ ಮಣ್ಣು ಒಮ್ಮೆ ಒಣಗಿದರೂ ಪೆಟ್ಟು ಬೀಳುತ್ತದೆ. ಕಲೆ ನಮಗೆ ಕಾಣುವುದು ಆಮೇಲೆ.

ನಮ್ಮ ಊರುಗಳ ಬೇಸಿಗೆಯನ್ನು ನೆನೆಯಿರಿ. ವರ್ಷದ ಮಳೆ 600 ಮಿಲಿಮೀಟರಿಗೂ ಕಡಿಮೆ. ನಳದ ನೀರು ಬಂದ ದಿನ ಗಿಡಕ್ಕೆ ಹಬ್ಬದೂಟ, ಬಾರದ ದಿನಗಳಲ್ಲಿ ಉಪವಾಸ. ಅಜ್ಜಿಯ ಗಿಡಕ್ಕೆ ಆದದ್ದು ಇದೇ. ಅವರು ಸುರಿದ ಸುಣ್ಣದ ತಿಳಿ ಕ್ಷಾರ ಮಣ್ಣನ್ನು ಇನ್ನಷ್ಟು ಕ್ಷಾರವಾಗಿಸಿತೇ ಹೊರತು ಕಾಯಿಯ ತಳವನ್ನು ಮುಟ್ಟಲಿಲ್ಲ. ಮೊಟ್ಟೆಯ ಚಿಪ್ಪಿನ ಪುಡಿಯ ಕಥೆಯೂ ಅಷ್ಟೆ. ಅದು ಕ್ಯಾಲ್ಸಿಯಮ್ ಕಾರ್ಬೊನೇಟ್. ಇಂತಹ ಮಣ್ಣಿನಲ್ಲಿ ಅದು ಕರಗುವುದು ಅತಿ ನಿಧಾನ. ಯೂರಿಯಾದಂತಹ ಸಾರಜನಕ ಗೊಬ್ಬರವನ್ನು ಅತಿಯಾಗಿ ಹಾಕಿದರೆ ತೊಂದರೆ ಹೆಚ್ಚುತ್ತದೆ. ಎಲೆಗಳು ಸೊಕ್ಕಿ ಬೆಳೆದು ನೀರಿನ ಪಾಲನ್ನು ಇನ್ನಷ್ಟು ಕಸಿಯುತ್ತವೆ. ಜೊತೆಗೆ ಅಮೋನಿಯಮ್ ಅಯಾನುಗಳು ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಮ್ ಜೊತೆ ಪೈಪೋಟಿಗೆ ಇಳಿಯುತ್ತವೆ. ಮಣ್ಣು ಅಥವಾ ನೀರು ಸವುಳಾಗಿದ್ದರೂ ಹೀಗೆಯೇ.

ಹಾಗಾದರೆ ಮಾಡಬೇಕಾದುದೇನು? ನೀರನ್ನು ಸ್ವಲ್ಪ ಸ್ವಲ್ಪವಾಗಿ, ಆದರೆ ತಪ್ಪದೆ ಕೊಡಬೇಕು. ಬುಡದ ಸುತ್ತ ಒಣಗಿದ ಜೋಳದ ದಂಟಿನ ಚೂರು ಅಥವಾ ಶೇಂಗಾ ಸಿಪ್ಪೆಯನ್ನು ನಾಲ್ಕು ಬೆರಳು ದಪ್ಪ ಹರಡಬೇಕು. ನೀರು ಅಪರೂಪವಾದ ಕಡೆ ಗಿಡಗಳ ನಡುವೆ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಬೇಕು. ಗಡಿಗೆಯ ಗೋಡೆಯಿಂದ ನೀರು ಜಿನುಗಿ ಬೇರನ್ನು ಸದಾ ತೇವವಾಗಿಡುತ್ತದೆ. ಈ ಉಪಾಯ ಹೊಸತಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿಗ್ರಂಥವೊಂದರಲ್ಲಿಯೇ ಇದರ ವಿವರಣೆಯಿದೆ.

ಕಥೆ ಇಲ್ಲಿಗೂ ಮುಗಿದಿಲ್ಲ. 2001ರಲ್ಲಿ ಜರ್ಮನಿಯ ಸಾವುರೆ ಎಂಬ ವಿಜ್ಞಾನಿ, ಕ್ಯಾಲ್ಸಿಯಮ್ ಕೊರತೆಯೇ ಮೂಲ ಕಾರಣವೆ ಅಥವಾ ನೀರು, ಬಿಸಿಲು, ಲವಣಗಳ ಒತ್ತಡದಿಂದ ಕೋಶಗಳಿಗೆ ಮೊದಲು ಪೆಟ್ಟು ಬೀಳುತ್ತದೆಯೆ ಎಂಬ ಪ್ರಶ್ನೆಯನ್ನು ಎತ್ತಿದರು. ಚರ್ಚೆ ಮುಂದುವರಿದಿದೆ. ಎರಡು ವಾದಗಳೂ ಒಪ್ಪುವ ಮಾತೊಂದಿದೆ: ನೀರಿನ ಏರುಪೇರು ತಪ್ಪಿಸಿ.

ಉದುರುವ ಹೂವು: ರಾತ್ರಿಯ ಲೆಕ್ಕ

ಎರಡನೆಯ ದೂರು, ಗಿಡ ತುಂಬ ಹೂ ಬಿಟ್ಟರೂ ಕಾಯಿ ಕಟ್ಟದಿರುವುದು. ಏಪ್ರಿಲ್–ಮೇ ತಿಂಗಳಲ್ಲಿ ಹೂಗಳು ತೊಟ್ಟಿನ ಗಂಟಿನಲ್ಲಿ ಕಳಚಿ ನೆಲಕ್ಕೆ ಬೀಳುತ್ತವೆ. ಇದಕ್ಕೂ ಔಷಧ ಹುಡುಕುವವರು ಬಹಳ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲಸ ಮಾಡುತ್ತಿದ್ದ ಡಚ್ ಮೂಲದ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಉಷ್ಣತೆಯನ್ನು ಬೇಕಾದಂತೆ ನಿಯಂತ್ರಿಸಬಹುದಾದ ಗಾಜಿನಮನೆಗಳಲ್ಲಿ ಟೊಮೇಟೊ ಬೆಳೆಸಿದರು. ಹಗಲಿನ ಉಷ್ಣತೆಯನ್ನೂ ರಾತ್ರಿಯ ಉಷ್ಣತೆಯನ್ನೂ ಬೇರೆ ಬೇರೆಯಾಗಿ ಬದಲಿಸಿ ನೋಡಿದರು. 1944ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅಚ್ಚರಿಯದಾಗಿತ್ತು. ಕಾಯಿ ಕಟ್ಟುವುದನ್ನು ಮುಖ್ಯವಾಗಿ ನಿರ್ಧರಿಸುವುದು ರಾತ್ರಿಯ ಉಷ್ಣತೆ. ಅದು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಕಾಯಿ ಹೇರಳ.

ಬಾದಾಮಿಯಲ್ಲಿ ಬೆಟ್ಟದ ಬುಡದ ಮನೆಗಳಲ್ಲಿ ಮಲಗಿದವರಿಗೆ ಬೇಸಿಗೆಯ ರಾತ್ರಿಯ ಅನುಭವವಿದೆ. ಹಗಲೆಲ್ಲ ಕಾದ ಮರಳುಗಲ್ಲು ಕತ್ತಲಾದ ಮೇಲೆ ಆ ಬಿಸಿಯನ್ನು ಹೊರಸೂಸುತ್ತದೆ. ಕಲ್ಲಿನ ಗೋಡೆಗೆ ಅಂಟಿಕೊಂಡ ಗಿಡಕ್ಕೂ ಅದೇ ಸೆಕೆ. ಪರಾಗ ಬರಡಾಗುತ್ತದೆ, ಹೂ ಉದುರುತ್ತದೆ. ಯಾವ ಸಿಂಪಡಣೆಯೂ ರಾತ್ರಿಯನ್ನು ತಂಪು ಮಾಡಲಾರದು. ಬಿತ್ತನೆಯ ಕಾಲವನ್ನು ಬದಲಿಸುವುದೇ ಮದ್ದು. ಮಳೆಗಾಲದ ಕೊನೆಯಲ್ಲಿ ಸಸಿ ಮಾಡಿಕೊಂಡರೆ ಹೂ ಬಿಡುವ ಹೊತ್ತಿಗೆ ಚಳಿಗಾಲದ ತಂಪು ಸಿಗುತ್ತದೆ. ಗಿಡವನ್ನು ಕಲ್ಲುಗೋಡೆಯಿಂದ ದೂರ ನೆಡುವುದೂ ಒಳಿತು.

ಹವೆ ಹಿತವಾಗಿದ್ದೂ ಕಾಯಿ ಕಟ್ಟದಿದ್ದರೆ ಪರಾಗಸ್ಪರ್ಶದ ಕಡೆ ಗಮನ ಕೊಡಬೇಕು. ಟೊಮೇಟೊ ಹೂವಿನ ಪರಾಗಕೋಶಗಳು ಒಂದು ಸಣ್ಣ ಕೊಳವೆಯಂತೆ ಕೂಡಿಕೊಂಡಿವೆ. ಹೂ ಅಲುಗಿದಾಗ ಪರಾಗ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರಿದಂತೆ ಉದುರುತ್ತದೆ. ಗಾಳಿ ಸ್ವಲ್ಪಮಟ್ಟಿಗೆ ಈ ಕೆಲಸ ಮಾಡುತ್ತದೆ. ಕಟ್ಟಿಗೆ ಕೊರೆಯುವ ಕರಿ ದುಂಬಿ ಹೂವನ್ನು ಹಿಡಿದು ಝೇಂಕರಿಸಿ ಇದನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ನಾನು ಕೀಟನಾಶಕ ಹಾಕಿ ಓಡಿಸಿದ್ದು ಇದೇ ದುಂಬಿಯನ್ನು.

ಮುದುಡುವ ಎಲೆ: ಕಾಣದ ವೈರಸ್, ಕಾಣುವ ನೊಣ

ಮೂರನೆಯದು ಎಲೆ ಮುದುಡು ರೋಗ. ಎಲೆಗಳು ಮೇಲ್ಮುಖವಾಗಿ ಸುರುಳಿಗೊಂಡು, ಹಳದಿಯಾಗಿ, ಗಿಡ ಕುಬ್ಜವಾಗುತ್ತದೆ. ಇಲ್ಲಿ ರೋಗಾಣು ನಿಜವಾಗಿಯೂ ಇದೆ. ಆದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಸಿಗುವುದಿಲ್ಲ. ಭಾರತದಲ್ಲಿ ಈ ರೋಗವನ್ನು ಕುರಿತು ವಾಸುದೇವ ಮತ್ತು ಸ್ಯಾಮ್‌ರಾಜ್ 1948ರಲ್ಲಿ ಬರೆದರು. ಇದಕ್ಕೆ ಕಾರಣ ವೈರಸ್, ಅದನ್ನು ಗಿಡದಿಂದ ಗಿಡಕ್ಕೆ ಹರಡುವುದು ಒಂದು ಮಿಲಿಮೀಟರಿನಷ್ಟು ಉದ್ದದ ಬಿಳಿನೊಣ. ಬೆಂಗಳೂರಿನಲ್ಲಿ ಶಾಸ್ತ್ರಿ ಮತ್ತು ಸಿಂಗ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಮಹತ್ವದ ಸಂಗತಿಯೊಂದು ತಿಳಿಯಿತು. ನಾಟಿ ಮಾಡಿದ 20 ದಿನಗಳೊಳಗೆ ಸೋಂಕು ತಗುಲಿದರೆ ಇಳುವರಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ನಷ್ಟ. ಸೋಂಕು ತಡವಾದಷ್ಟೂ ನಷ್ಟ ಕಡಿಮೆ.

ಈ ಒಂದು ಫಲಿತಾಂಶದಲ್ಲಿ ಹಿತ್ತಲಿನವರಿಗೆ ಬೇಕಾದ ಪಾಠವೆಲ್ಲ ಇದೆ. ಕಾಯಬೇಕಾದುದು ಎಳೆಯ ಸಸಿಯನ್ನು. ಸಸಿ ಮಡಿಯ ಮೇಲೆ ಒತ್ತು ಹೆಣಿಗೆಯ ನೈಲಾನ್ ಪರದೆಯನ್ನು ನಾಟಿಯವರೆಗೂ, ಸುಮಾರು 25–30 ದಿನ, ಕಟ್ಟಬೇಕು. ಮುದುಡಿದ ಗಿಡಕ್ಕೆ ಚಿಕಿತ್ಸೆ ಇಲ್ಲ. ಮನಸ್ಸು ಗಟ್ಟಿಮಾಡಿ ಕಿತ್ತು ಹಾಕಬೇಕು. ನೊಣ ಸಾಯುವುದಕ್ಕೆ ಮೊದಲೇ ರಸ ಹೀರಿ ವೈರಸ್ ಬಿಟ್ಟಿರುತ್ತದೆಯಾದ್ದರಿಂದ ಕೀಟನಾಶಕದಿಂದ ಪೂರ್ಣ ರಕ್ಷಣೆ ಸಿಗದು. ಫೆಬ್ರವರಿಯಿಂದ ಮೇ ವರೆಗಿನ ಒಣ ದಿನಗಳಲ್ಲಿ ಬಿಳಿನೊಣದ ಹಾವಳಿ ಹೆಚ್ಚು. ಚಳಿಗಾಲದ ಬೆಳೆಯ ಪರವಾಗಿ ಇದು ಎರಡನೆಯ ಸಾಕ್ಷಿ.

ದೊಡ್ಡ ಪರಿಹಾರ ಬಂದದ್ದು ಕಾಡು ಬಂಧುಗಳಿಂದ. ಭಾರತದ ತಳಿ ವಿಜ್ಞಾನಿಗಳಾದ ಕಲ್ಲೂ ಮತ್ತು ಬ್ಯಾನರ್ಜಿ ಕಾಡು ಟೊಮೇಟೊ ಜಾತಿಯೊಂದರ ನಿರೋಧ ಗುಣವನ್ನು ಊರ ಟೊಮೇಟೊಗೆ ಸಂಕರಣದಿಂದ ವರ್ಗಾಯಿಸಿ 1990ರಲ್ಲಿ ವರದಿ ಮಾಡಿದರು. ಅವರ ‘ಎಚ್-24’ ತಳಿಯಲ್ಲಿರುವ ನಿರೋಧಕ ಜೀನನ್ನು ಇಂದು ‘ಟಿವೈ-2’ ಎಂದು ಗುರುತಿಸುತ್ತಾರೆ. 1999ರಲ್ಲಿ ಕೋಲಾರ ಜಿಲ್ಲೆಯಲ್ಲಿ ಬಿಳಿನೊಣದ ‘ಬಿ’ ಎಂಬ ಹೊಸ ಬಗೆ ಕಾಣಿಸಿಕೊಂಡು ಟೊಮೇಟೊ ಬೆಳೆಗಾರರು ತತ್ತರಿಸಿದಾಗ ಇಂತಹ ತಳಿಗಳ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಸಂಕ್ರಾಂತಿ, ನಂದಿ, ವೈಭವ ಎಂಬ ನಿರೋಧಕ ತಳಿಗಳನ್ನು ಕೊಟ್ಟಿತು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ 2010ರಲ್ಲಿ ಬಂತು. ಎಲೆ ಮುದುಡು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ ಈ ಮೂರನ್ನೂ ತಡೆಯುವ ಸಂಕರಣ ತಳಿ ಅದು. ಸಂಕರಣ ತಳಿಯ ಹಣ್ಣಿನಿಂದ ಬೀಜ ತೆಗೆದಿಟ್ಟು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಹಂಚಿಹೋಗುತ್ತವೆ. ಮೆಂಡೆಲ್ ನಿಯಮಕ್ಕೆ ಇದು ಹಿತ್ತಲಿನ ಉದಾಹರಣೆ.

ಶಾಲೆಯಲ್ಲಿ ಮಾಡಿ ನೋಡಿ

1. ಎಲೆಗಳಿರುವ ಒಂದು ಕರ್ಣಕುಂಡಲದ ಟೊಂಗೆಯನ್ನೂ ಎಲೆ ಕಿತ್ತ ಇನ್ನೊಂದನ್ನೂ ಕೆಂಪು ಶಾಯಿಯ ನೀರಿನಲ್ಲಿ ನಿಲ್ಲಿಸಿ. ಯಾವುದರಲ್ಲಿ ಬಣ್ಣ ಬೇಗ ಏರುತ್ತದೆ? ಕ್ಯಾಲ್ಸಿಯಮ್ ಏಕೆ ಎಲೆಯ ಕಡೆ ಓಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

2. ಒಂದೇ ತಳಿಯ ಆರು ಸಸಿಗಳನ್ನು ಕುಂಡಗಳಲ್ಲಿ ಬೆಳೆಸಿ. ಮೂರಕ್ಕೆ ದಿನವೂ ಒಂದು ಲೀಟರ್ ನೀರು ಕೊಡಿ. ಉಳಿದ ಮೂರಕ್ಕೆ ನಾಲ್ಕು ದಿನಕ್ಕೊಮ್ಮೆ ನಾಲ್ಕು ಲೀಟರ್. ಒಟ್ಟು ನೀರು ಸಮ. ಕಪ್ಪು ತಳದ ಕಾಯಿಗಳನ್ನು ಎಣಿಸಿ ಪಟ್ಟಿ ಮಾಡಿ.

3. ಪ್ರಯೋಗಾಲಯದ ಶ್ರುತಿಕವೆಯನ್ನು ಮೀಟಿ, ಅರಳಿದ ಹೂವಿನ ತೊಟ್ಟಿಗೆ ಮೆಲ್ಲಗೆ ತಾಗಿಸಿ. ಕೆಳಗೆ ಕಪ್ಪು ಕಾಗದ ಹಿಡಿದರೆ ಉದುರುವ ಪರಾಗ ಕಾಣುತ್ತದೆ.

4. ಹಸಿರಾಗಿದ್ದಂತೆಯೇ ಹಠಾತ್ತನೆ ಬಾಡಿದ ಗಿಡ ಸಿಕ್ಕರೆ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಇಳಿದರೆ ಅದು ದುಂಡಾಣು ಸೊರಗು. 1896ರಲ್ಲಿ ಎರ್ವಿನ್ ಸ್ಮಿತ್ ವರ್ಣಿಸಿದ ಬ್ಯಾಕ್ಟೀರಿಯ ಅದರ ಕಾರಣ. ಎಳೆ ಇಳಿಯದಿದ್ದರೆ ನೀರು ಅಥವಾ ಬೇರಿನ ಇತರ ತೊಂದರೆಗಳನ್ನು ಹುಡುಕಿ.

ಹೀಗೆ ಒಂದೇ ಹಿತ್ತಲಿನ ನಾಲ್ಕು ಗಿಡಗಳ ತೊಂದರೆಗೆ ನಾಲ್ಕು ಬೇರೆ ಬೇರೆ ಕಾರಣಗಳು: ನೀರಿನ ಏರುಪೇರು, ರಾತ್ರಿಯ ಸೆಕೆ, ವೈರಸ್, ಬ್ಯಾಕ್ಟೀರಿಯ. ಎಲ್ಲಕ್ಕೂ ಒಂದೇ ಡಬ್ಬಿಯ ಔಷಧ ಹೊಂದುವುದಾದರೂ ಹೇಗೆ? 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಇಂತಹ ವಿಷಯಗಳನ್ನು ಬಲ್ಲ ತಜ್ಞರು ನಮ್ಮ ಜಿಲ್ಲೆಯಲ್ಲಿಯೇ ಇದ್ದಾರೆ. ಆದರೆ ಮೊದಲ ಪರೀಕ್ಷಕರು ನಾವೇ ಆಗಬೇಕು.

ಅಜ್ಜಿಯ ಹಿತ್ತಲಿನಲ್ಲಿ ನಮ್ಮ ಮಕ್ಕಳು ಹಳೆಯ ಗಡಿಗೆಗಳೆರಡನ್ನು ಹೂಳಿದರು, ಬುಡಕ್ಕೆ ಶೇಂಗಾ ಸಿಪ್ಪೆ ಹರಡಿದರು. ಅಷ್ಟರಲ್ಲಾಗಲೇ ಕಪ್ಪಾಗಿದ್ದ ಕಾಯಿಗಳು ಹಾಗೆಯೇ ಉಳಿದವು, ಅವನ್ನು ಕಿತ್ತೆಸೆದೆವು. ಹೊಸದಾಗಿ ಕಟ್ಟಿದ ಗೊಂಚಲುಗಳಲ್ಲಿ ಹೆಚ್ಚಿನವು ಚೆನ್ನಾಗಿ ಬಂದವು. ಸುಣ್ಣದ ಡಬ್ಬಿ ಈಗ ಅವರ ಎಲೆ-ಅಡಿಕೆಯ ಚೀಲಕ್ಕೆ ಮರಳಿದೆ.